ಸಟೈವಾ ಅಂದರೆ ಬಿತ್ತಿ ಬೆಳೆದದ್ದು

ಶಿವಮೊಗ್ಗದಿಂದ ಅಕ್ಕ ಫೋನ್ ಮಾಡಿದ್ದಳು. ಭಾವನಿಗೆ ಕಿಮೊಥೆರಪಿಯ ಎರಡನೇ ಸುತ್ತು ಮುಗಿದಿತ್ತು. ಒಗ್ಗರಣೆ ವಾಸನೆ ಬಂದರೆ ಸಾಕು ಹೊಟ್ಟೆ ತೊಳಸುತ್ತದೆ, ಗಂಜಿಯೂ ಒಳಗೆ ನಿಲ್ಲುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿರುವ ಮಗ ಅಲ್ಲಿನ ಗಾಂಜಾ ಅಂಗಡಿಯೊಂದರಲ್ಲಿ ವಿಚಾರಿಸಿದ್ದ. “ಅದ್ರಲ್ಲಿ ಎರಡು ಜಾತಿ ಅಂತೆ ಕಣೋ. ಹಗಲಿಗೆ ಸಟೈವಾ, ರಾತ್ರಿಗೆ ಇಂಡಿಕಾ. ಸಟೈವಾ ಗೆಲುವಾಗಿ ಇಡತ್ತೆ, ಇಂಡಿಕಾ ನಿದ್ದೆ ಬರಿಸತ್ತೆ ಅಂದನಂತೆ ಅಂಗಡಿಯವನು. ಯಾವುದು ಕಳಿಸ್ಲಿ ಅಂತ ಕೇಳ್ತಿದಾನೆ. ನೀನು ಅಷ್ಟು ವರ್ಷ ಕೆಮಿಸ್ಟ್ರಿ ಪಾಠ ಮಾಡಿದೋನು, ನೀನೇ ಹೇಳು.”

ಅವತ್ತು ನಾನು ಕೊಟ್ಟ ಉತ್ತರ ಚಿಕ್ಕದು. ಎರಡೂ ಬೇಡ, ಅಂಚೆಯಲ್ಲಿ ತರಿಸಿದರೆ ಅದು ಇಲ್ಲಿ ಅಪರಾಧ, ನಾಳೆಯೇ ಡಾಕ್ಟರನ್ನು ಕಂಡು ಬಾ ಎಂದೆ. ಆದರೆ ಆ ಹಗಲು-ರಾತ್ರಿಯ ಮಾತು ತಲೆಯಲ್ಲೇ ಉಳಿಯಿತು. ಅದನ್ನು ಈಗ ಬೆಂಗಳೂರಿನ ಹುಡುಗರೂ ಆಡುತ್ತಾರೆ, ಕಾಯಿಲೆಯವರ ಮನೆಯಲ್ಲೂ ಆಡುತ್ತಾರೆ. ಅದನ್ನು ನಂಬಿಕೊಂಡು ಔಷಧ ಹುಡುಕುವವರಿಗೆ ಈ ಹೆಸರುಗಳ ಹಿಂದಿನ ಕಥೆ ಗೊತ್ತಿರಬೇಕು.

ಸಟೈವಾ ಎಂಬುದು ನಮ್ಮ ಅಡುಗೆಮನೆಗೆ ಹೊಸ ಹೆಸರೇನಲ್ಲ. ಸಸ್ಯಶಾಸ್ತ್ರದ ಪುಸ್ತಕದಲ್ಲಿ ಭತ್ತ ಒರೈಜಾ ಸಟೈವಾ. ಬೆಳ್ಳುಳ್ಳಿ ಏಲಿಯಂ ಸಟೈವಂ, ಕೊತ್ತಂಬರಿ ಕೊರಿಯಾಂಡ್ರಂ ಸಟೈವಂ, ಬಟಾಣಿ ಪೈಸಂ ಸಟೈವಂ. ಲ್ಯಾಟಿನ್ ಭಾಷೆಯಲ್ಲಿ ಅದಕ್ಕೆ ಬಿತ್ತಿ ಬೆಳೆದದ್ದು ಎಂದಷ್ಟೇ ಅರ್ಥ. ಗೆಲುವು, ಉತ್ಸಾಹ, ಹಗಲು ಯಾವುದೂ ಆ ಪದದೊಳಗಿಲ್ಲ. 1753ರಲ್ಲಿ ಸ್ವೀಡನ್ನಿನ ಕಾರ್ಲ್ ಲಿನೇಯಸ್ ಈ ಗಿಡಕ್ಕೆ ಕ್ಯಾನಬಿಸ್ ಸಟೈವಾ ಎಂದು ಹೆಸರಿಟ್ಟಾಗ ಅವನಿಗೆ ಪರಿಚಯವಿದ್ದದ್ದು ಮುಖ್ಯವಾಗಿ ಯುರೋಪಿನ ರೈತರು ಹಗ್ಗಕ್ಕೆ, ಹಡಗಿನ ಹಾಯಿಗೆ ಬೆಳೆಯುತ್ತಿದ್ದ ನಾರಿನ ಗಿಡ. ಅದರಲ್ಲಿ ಅಮಲಿನ ಅಂಶ ಇಲ್ಲವೆನ್ನುವಷ್ಟು ಕಡಿಮೆ.

ಮೂವತ್ತೆರಡು ವರ್ಷಗಳ ಬಳಿಕ, 1785ರಲ್ಲಿ, ಫ್ರಾನ್ಸಿನ ಲಾಮಾರ್ಕ್ ಕೈಗೆ ಬೇರೊಂದು ಗಿಡದ ಒಣಗಿಸಿದ ಮಾದರಿ ಬಂತು. ಪಿಯೆರ್ ಸೊನೆರಾ ಎಂಬ ಪ್ರವಾಸಿ ಅದನ್ನು ಭಾರತದಿಂದ ಒಯ್ದಿದ್ದ. ಕಿರಿದಾದ ಎಲೆ, ಗಟ್ಟಿ ಕಾಂಡ, ತಲೆಗೇರುವ ಗುಣ. ಇದು ಯುರೋಪಿನ ಗಿಡವಲ್ಲ ಎಂದು ಲಾಮಾರ್ಕ್ ಅದನ್ನು ಕ್ಯಾನಬಿಸ್ ಇಂಡಿಕಾ ಎಂದು ಕರೆದ. ನಮ್ಮ ದೇಶದ ಹೆಸರು ಆ ಗಿಡಕ್ಕೆ ಅಂಟಿಕೊಂಡದ್ದು ಹೀಗೆ.

ಗೊಂದಲ ಆಮೇಲೆ ಶುರುವಾಯಿತು. 1970ರ ದಶಕದಲ್ಲಿ ಹಾರ್ವರ್ಡ್‌ನ ಸಸ್ಯವಿಜ್ಞಾನಿ ರಿಚರ್ಡ್ ಇವಾನ್ಸ್ ಶುಲ್ಟಿಸ್ ಅಫ್ಘಾನಿಸ್ತಾನದಲ್ಲಿ ಕುಳ್ಳಗೆ, ಒತ್ತೊತ್ತಾಗಿ, ಅಗಲ ಎಲೆ ಬಿಟ್ಟ ಗಿಡಗಳನ್ನು ಕಂಡರು. ಅವನ್ನು ಇಂಡಿಕಾ ಎಂದು ವಿವರಿಸಿದರು. ಬೆಳೆಗಾರರು ಅದನ್ನೇ ಹಿಡಿದುಕೊಂಡರು. ಅಗಲ ಎಲೆಯ ಕುಳ್ಳ ಗಿಡ ಇಂಡಿಕಾ ಆಯಿತು, ಸಪೂರ ಎಲೆಯ ಎತ್ತರದ ಗಿಡ ಸಟೈವಾ ಆಯಿತು. ಅಂದರೆ ಅಕ್ಕನ ಮಗನಿಗೆ ಅಂಗಡಿಯವನು ಸಟೈವಾ ಎಂದು ತೋರಿಸಿದ್ದು ಲಾಮಾರ್ಕ್‌ನ ಲೆಕ್ಕದಲ್ಲಿ ಇಂಡಿಕಾ. ಲಿನೇಯಸ್ ಹೇಳಿದ ಸಟೈವಾದಿಂದ ಹಗ್ಗ ಹೊಸೆಯಬಹುದೇ ಹೊರತು ಯಾರಿಗೂ ಅಮಲೇರಿಸಲಾಗದು.

ಗಿಡದ ಹುಟ್ಟೂರು ಇವೆರಡಕ್ಕಿಂತ ಹಳೆಯದು. ಪರಾಗದ ಪಳೆಯುಳಿಕೆಗಳನ್ನು ಹಿಂಬಾಲಿಸಿದ ಜಾನ್ ಮೆಕ್‌ಪಾರ್ಟ್‌ಲ್ಯಾಂಡ್ ಮತ್ತು ಸಂಗಡಿಗರು 2019ರಲ್ಲಿ ಟಿಬೆಟ್ ಪ್ರಸ್ಥಭೂಮಿಯ ಈಶಾನ್ಯ ಅಂಚಿನ ಚಿಂಗ್‌ಹಾಯ್ ಸರೋವರದ ಕಡೆ ಬೆರಳು ತೋರಿಸಿದರು. ಬಿಯರ್‌ಗೆ ಕಹಿ ಕೊಡುವ ಹಾಪ್ಸ್ ಬಳ್ಳಿಯಿಂದ ಇದು ಬೇರೆಯಾದದ್ದು ಸುಮಾರು 2.8 ಕೋಟಿ ವರ್ಷಗಳ ಹಿಂದೆ. ಮನುಷ್ಯ ಇದನ್ನು ಹೊಲಕ್ಕೆ ತಂದದ್ದು ಪೂರ್ವ ಏಷ್ಯಾದಲ್ಲಿ, ಸುಮಾರು 12,000 ವರ್ಷಗಳ ಹಿಂದೆ ಎಂದು 110 ಗಿಡಗಳ ಜೀನೋಮ್ ಹೋಲಿಸಿದ 2021ರ ಅಧ್ಯಯನ ಹೇಳುತ್ತದೆ. ಹಾಗಾದರೆ ಅಮಲಿಗೆ ಬಳಸಿದ್ದು ಯಾವಾಗಿನಿಂದ? ಪಾಮೀರ್ ಪರ್ವತದ ಜಿರ್ಜಾಂಕಲ್ ಎಂಬಲ್ಲಿ 2,500 ವರ್ಷ ಹಳೆಯ ಗೋರಿಗಳಿವೆ. ಅಲ್ಲಿ ಸಿಕ್ಕ ಮರದ ಅಗ್ಗಿಷ್ಟಿಕೆಗಳಲ್ಲಿ ಕಾಸಿದ ಕಲ್ಲುಗಳಿದ್ದವು. ಅವುಗಳ ಮೇಲಿನ ಶೇಷದಲ್ಲಿ ಅಮಲಿನ ಅಂಶ ಹೆಚ್ಚಿರುವ ಗಿಡದ ಗುರುತು ಪತ್ತೆಯಾಯಿತು. ಸತ್ತವರನ್ನು ಕಳಿಸಿಕೊಡುವ ವಿಧಿಯಲ್ಲಿ ಆ ಜನ ಇದರ ಹೊಗೆ ಹಾಕುತ್ತಿದ್ದರು.

ಎತ್ತರದ ಗಿಡ ಎತ್ತರವಾದದ್ದೇಕೆ? ನನಗೆ ಈ ವಿಷಯದಲ್ಲಿ ಅತ್ಯಂತ ಇಷ್ಟವಾದ ಭಾಗ ಇದು. ಕ್ಯಾನಬಿಸ್ ಹಗಲು ಗಿಡ್ಡವಾಗತೊಡಗಿದಾಗ ಹೂ ಬಿಡುವ ಗಿಡ. ಕಾಬೂಲ್‌ನಲ್ಲಿ ಬೇಸಿಗೆಯ ಅತಿ ಉದ್ದದ ಹಗಲಿಗೂ ಚಳಿಗಾಲದ ಅತಿ ಗಿಡ್ಡ ಹಗಲಿಗೂ ನಾಲ್ಕೂವರೆ ಗಂಟೆಗೂ ಮೀರಿ ವ್ಯತ್ಯಾಸವಿದೆ. ಹಗಲು ಕುಗ್ಗಿದ್ದು ಗೊತ್ತಾಗುತ್ತಲೇ ಅಲ್ಲಿನ ಗಿಡ ಅವಸರ ಮಾಡಬೇಕು, ಹಿಮ ಬೀಳುವುದರೊಳಗೆ ಬೀಜ ಕಟ್ಟಬೇಕು. ಹಾಗಾಗಿ ಅದು ಕುಳ್ಳು, ಅದರ ಹೂವು ಏಳೆಂಟು ವಾರಗಳಲ್ಲೇ ಮಾಗುತ್ತದೆ. ಬೆಂಗಳೂರಿನಲ್ಲಿ ಅದೇ ವ್ಯತ್ಯಾಸ ಒಂದೂವರೆ ಗಂಟೆ. ಭೂಮಧ್ಯರೇಖೆಯ ಹತ್ತಿರ ಅದೂ ಇಲ್ಲ. ಕೇರಳ, ಥಾಯ್ಲೆಂಡ್, ಕೊಲಂಬಿಯಾದ ಕಡೆಯ ಗಿಡಗಳಿಗೆ ಹಿಮದ ಭಯವಿಲ್ಲ, ಆತುರವಿಲ್ಲ. ಆಳೆತ್ತರ ಮೀರಿ ಬೆಳೆದು, ಹೂ ಬಿಟ್ಟಮೇಲೂ ಮೂರು ತಿಂಗಳು, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಮಾಗುತ್ತ ನಿಲ್ಲುತ್ತವೆ. ಎಲೆ ಕಿರಿದು, ರೆಂಬೆಗಳ ನಡುವೆ ಗಾಳಿಯಾಡುತ್ತದೆ, ಹೂವಿನ ತೆನೆ ಸಡಿಲ. ಮಳೆನಾಡಿನ ತೇವದಲ್ಲಿ ಬೂಷ್ಟು ಹಿಡಿಯದಿರಲು ಇದೂ ಅನುಕೂಲ. ಒಂದು ಗಿಡ ಎತ್ತರ, ಇನ್ನೊಂದು ಕುಳ್ಳು ಎಂಬುದು ಅವುಗಳ ಊರಿನ ಬಿಸಿಲು, ಮಳೆ, ಹಿಮಕ್ಕೆ ಸಂಬಂಧಿಸಿದ ಮಾತು. ಸೇವಿಸಿದವನ ಮನಸ್ಸು ಏರುತ್ತದೋ ಇಳಿಯುತ್ತದೋ ಎಂಬುದು ಎಲೆಯ ಅಗಲದಲ್ಲಿ ಬರೆದಿಲ್ಲ.

ಈ ಗಿಡದಲ್ಲಿ ಗಂಡು ಹೆಣ್ಣು ಬೇರೆ ಬೇರೆ. ಗಂಡಿನ ಪರಾಗ ಗಾಳಿಯಲ್ಲಿ ಬಂದು ಹೆಣ್ಣಿಗೆ ತಗುಲಿದರೆ ಗಿಡದ ಶಕ್ತಿ ಬೀಜಕ್ಕೆ ಹೋಗುತ್ತದೆ. ತಗುಲದಿದ್ದರೆ ಹೂವು ಅಂಟು ಸುರಿಸುತ್ತಲೇ ಇರುತ್ತದೆ. ಬಂಗಾಳದ ಗಾಂಜಾ ಬೆಳೆಗಾರರಿಗೆ ಇದು ಚೆನ್ನಾಗಿ ಗೊತ್ತಿತ್ತು. ಗಂಡು ಗಿಡಗಳನ್ನು ಗುರುತಿಸಿ ಕೀಳಲು ಅಲ್ಲಿ ಪೋದ್ದಾರರೆಂಬ ನುರಿತ ಕೆಲಸಗಾರರೇ ಇದ್ದರು. ಬ್ರಿಟಿಷರು 1893–94ರಲ್ಲಿ ನೇಮಿಸಿದ ಗಾಂಜಾ ಆಯೋಗದ ವರದಿಯಲ್ಲಿ ಅವರ ಕೆಲಸದ ವಿವರವಿದೆ. ಬೀಜವಿಲ್ಲದ ಹೂವು ಎಂದು ಇವತ್ತು ಅಮೆರಿಕದಲ್ಲಿ ದುಬಾರಿಗೆ ಮಾರುವುದನ್ನು ನಮ್ಮ ರೈತರು ಅಷ್ಟು ಹಿಂದೆಯೇ ತೆಗೆಯುತ್ತಿದ್ದರು. 1845ರಿಂದ ಭಾರತದ ಕೂಲಿಗಳನ್ನು ಜಮೈಕಾದ ಕಬ್ಬಿನ ತೋಟಗಳಿಗೆ ಹಡಗಿನಲ್ಲಿ ಒಯ್ದರು. ಗಾಂಜಾ ಎಂಬ ಮಾತು, ಚಿಲುಮೆ ಎಂಬ ಮಾತು ಅವರೊಂದಿಗೆ ಅಲ್ಲಿಗೆ ಹೋಗಿ ಇವತ್ತಿಗೂ ಅಲ್ಲಿನವರ ಬಾಯಲ್ಲಿವೆ.

ಇನ್ನು ಪರಿಣಾಮದ ಮಾತು. ಹಸಿ ಎಲೆ ಅಗಿದರೆ ಅಮಲೇರುವುದಿಲ್ಲ. ಹೆಣ್ಣು ಹೂವಿನ ಮೇಲಿನ ಸಣ್ಣ ಅಂಟುಗೂದಲುಗಳಲ್ಲಿ ಟಿಎಚ್‌ಸಿ ಎಂಬ ಅಂಶ ಆಮ್ಲದ ರೂಪದಲ್ಲಿರುತ್ತದೆ, ಕಾಸಿದಾಗ ಆಮ್ಲದ ಭಾಗ ಕಳಚಿ ಅಮಲಿನ ರಾಸಾಯನಿಕ ಆಗುತ್ತದೆ. ಅದು ನೀರಿಗಿಂತ ಜಿಡ್ಡಿನಲ್ಲಿ ಕರಗುತ್ತದೆ. ಭಂಗಿಯನ್ನು ಹಾಲಿನಲ್ಲಿ, ತುಪ್ಪದಲ್ಲಿ ಕುದಿಸುತ್ತಿದ್ದ ಹಿರಿಯರು ರುಚಿಗಾಗಿ ಮಾತ್ರ ಹಾಗೆ ಮಾಡಲಿಲ್ಲ. 1964ರಲ್ಲಿ ಇಸ್ರೇಲಿನ ರಾಫೆಲ್ ಮೆಶುಲಮ್ ಮತ್ತು ಯೆಹಿಯೆಲ್ ಗಾವೋನಿ ಟಿಎಚ್‌ಸಿಯನ್ನು ಶುದ್ಧ ರೂಪದಲ್ಲಿ ಬೇರ್ಪಡಿಸಿ ರಚನೆ ತಿಳಿಸಿದರು. ಅವರ ಪ್ರಯೋಗಾಲಯಕ್ಕೆ ಕಚ್ಚಾವಸ್ತು ಬಂದದ್ದು ಪೊಲೀಸರು ವಶಪಡಿಸಿಕೊಂಡಿದ್ದ ಲೆಬನಾನಿನ ಚರಸ್. ಮಿದುಳಿನಲ್ಲಿ ಅದು ಕೂರುವ ಜಾಗ 1988ರಲ್ಲಿ ಗೊತ್ತಾಯಿತು. ಬೀಗ ಇದ್ದಮೇಲೆ ನಮ್ಮ ದೇಹದ್ದೇ ಒಂದು ಕೀಲಿಯೂ ಇರಬೇಕು ಎಂದು ಹುಡುಕಿದ ಮೆಶುಲಮ್ ತಂಡಕ್ಕೆ 1992ರಲ್ಲಿ ಅದೂ ಸಿಕ್ಕಿತು. ಅದಕ್ಕೆ ಅವರು ಇಟ್ಟ ಹೆಸರು ಆನಂದಮೈಡ್. ನಮ್ಮ ‘ಆನಂದ’ವೇ. ನೋವು, ಹಸಿವು, ವಾಕರಿಕೆ, ನೆನಪು, ಭಯ ಇವೆಲ್ಲವನ್ನೂ ಹದದಲ್ಲಿಡುವ ವ್ಯವಸ್ಥೆಯೊಂದು ಎಲ್ಲರ ಮೈಯಲ್ಲೂ ಇದೆ. ಗಿಡದ ಟಿಎಚ್‌ಸಿ ಅದೇ ಬೀಗಕ್ಕೆ ಹೊರಗಿನಿಂದ ಬಂದು ಕೂರುತ್ತದೆ. ಅದಕ್ಕೇ ಇದರ ಪರಿಣಾಮ ಅಷ್ಟು ಕಡೆ ಚಾಚಿಕೊಂಡಿದೆ.

ಸಟೈವಾ ಎಂದು ಮಾರುವ ತಳಿಗಳು ಮೂಲತಃ ಉಷ್ಣವಲಯದ ಅಮಲಿನ ಗಿಡಗಳು, ಟಿಎಚ್‌ಸಿ ಹೆಚ್ಚು, ಅಮಲು ಕೊಡದ ಸಿಬಿಡಿ ಕಡಿಮೆ. ಸೇದಿದವರು ಮಾತು ಹೆಚ್ಚಾಯಿತು, ಯೋಚನೆ ಓಡಿತು, ಬಣ್ಣ ಶಬ್ದ ಚುರುಕಾದವು ಎನ್ನುತ್ತಾರೆ; ಎದೆ ಹೊಡೆದುಕೊಂಡಿತು, ದಿಗಿಲಾಯಿತು ಎಂದವರೂ ಅದೇ ತಳಿಯನ್ನೇ ಸೇದಿದವರು. ಅಫ್ಘಾನಿ ತಳಿಗಳ ಹಳೆಯ ಚರಸ್‌ನಲ್ಲಿ ಸಿಬಿಡಿಯೂ ಇರುತ್ತಿತ್ತು. ಇಷ್ಟರ ಮಟ್ಟಿಗೆ ಹಳೆಯ ಬೆಳೆಗಾರರ ಅನುಭವಕ್ಕೆ ಆಧಾರವಿತ್ತು. ಆದರೆ ಐವತ್ತು ವರ್ಷಗಳ ಅಡ್ಡತಳಿಯಲ್ಲಿ ಅದು ಕಲಸಿಹೋಗಿದೆ. ಕೆನಡಾದ ಸಂಶೋಧಕರು 2015ರಲ್ಲಿ ಮಾದರಿಗಳ ವಂಶವಾಹಿ ಪರೀಕ್ಷಿಸಿದಾಗ, ನೂರಕ್ಕೆ ನೂರು ಸಟೈವಾ ಎಂದು ಹೆಸರಾದ ಜಮೈಕಾದ ತಳಿಯೊಂದು ನೂರಕ್ಕೆ ನೂರು ಇಂಡಿಕಾ ಎಂದ ಅಫ್ಘಾನಿ ತಳಿಯೊಂದಿಗೆ ಹೆಚ್ಚುಕಡಿಮೆ ಒಂದೇ ಎಂದು ಕಂಡಿತು. 2021ರ ಇನ್ನೊಂದು ಅಧ್ಯಯನದಲ್ಲಿ ಈ ಹೆಸರುಗಳಿಗೆ ಹೊಂದಿಕೊಂಡದ್ದು ಕೆಲವೇ ಕೆಲವು ಪರಿಮಳದ ಅಂಶಗಳು. ಮಣ್ಣಿನ ಘಮ ಬಂದರೆ ಇಂಡಿಕಾ, ಸಿಹಿ ಘಮ ಬಂದರೆ ಸಟೈವಾ ಎಂದು ಬೆಳೆಗಾರರು ಮೂಗಿನಿಂದ ಹೆಸರಿಟ್ಟಂತಿದೆ.

ಪ್ರಮಾಣದ ಮಾತನ್ನು ಅಂಗಡಿಯವನು ಎತ್ತಲೇ ಇಲ್ಲ, ಅದೇ ಎಲ್ಲಕ್ಕಿಂತ ದೊಡ್ಡದು. ಶಿಕಾಗೋದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 42 ಮಂದಿಗೆ ಟಿಎಚ್‌ಸಿ ಮಾತ್ರೆ ಕೊಟ್ಟು ಒತ್ತಡ ತರುವ ಸಂದರ್ಶನಕ್ಕೆ ಕೂರಿಸಿದರು. 7.5 ಮಿಲಿಗ್ರಾಂ ನುಂಗಿದವರಿಗೆ ಆತಂಕ ಕಡಿಮೆಯಾಯಿತು. 12.5 ಮಿಲಿಗ್ರಾಂ ನುಂಗಿದವರಿಗೆ ಹೆಚ್ಚಾಯಿತು. ರಾಸಾಯನಿಕ ಒಂದೇ, ನಡುವಿನ ಅಂತರ ಐದೇ ಮಿಲಿಗ್ರಾಂ. ದಾರಿಯೂ ಮುಖ್ಯ. ಹೊಗೆಯಾದರೆ ನಿಮಿಷಗಳಲ್ಲಿ ತಲೆಗೆ ಹತ್ತುತ್ತದೆ. ತಿಂದರೆ ಒಂದೆರಡು ಗಂಟೆ ಬೇಕು, ಯಕೃತ್ತಿನಲ್ಲಿ ಅದು ಇನ್ನೂ ಬಲವಾದ ರೂಪಕ್ಕೆ ತಿರುಗಿ ಬಹಳ ಹೊತ್ತು ಉಳಿಯುತ್ತದೆ. ಏನೂ ಆಗಲಿಲ್ಲವಲ್ಲ ಎಂದು ಅರ್ಧ ಗಂಟೆಗೆ ಇನ್ನೊಂದು ಉಂಡೆ ಬಾಯಿಗೆ ಹಾಕಿಕೊಂಡವರೇ ರಾತ್ರಿ ಆಸ್ಪತ್ರೆ ಸೇರುವುದು. ಆಯುರ್ವೇದದ ಶಾರ್ಙ್ಗಧರ ಸಂಹಿತೆ ಭಂಗಿಯನ್ನು ವ್ಯವಾಯಿ ದ್ರವ್ಯಕ್ಕೆ ಉದಾಹರಣೆಯಾಗಿ ಹೇಳುತ್ತದೆ. ಮೊದಲು ಮೈಯೆಲ್ಲ ಹರಡಿ ಆಮೇಲೆ ಜೀರ್ಣವಾಗುವುದು ಎಂದು ಅದರರ್ಥ. ಜಿಡ್ಡಿನಲ್ಲಿ ಕರಗಿ ಮೈಯ ಕೊಬ್ಬಿನಲ್ಲಿ ದಿನಗಟ್ಟಲೆ ಉಳಿಯುವ ವಸ್ತುವಿನ ಬಗ್ಗೆ ಇದು ಎಚ್ಚರದ ಗಮನಿಕೆ. ಆಯುರ್ವೇದ ಇದನ್ನು ವಿಜಯಾ ಎಂದು ಕರೆದರೂ ಶೋಧನೆ ಮಾಡದೆ ಬಳಸಲು ಬಿಡಲಿಲ್ಲ. ಇಂದಿಗೂ ಔಷಧ ನಿಯಮಗಳಲ್ಲಿ ಅದು ವೈದ್ಯರ ನಿಗಾದಲ್ಲೇ ಕೊಡಬೇಕಾದ ವಿಷದ್ರವ್ಯಗಳ ಪಟ್ಟಿಯಲ್ಲಿದೆ.

ಪಶ್ಚಿಮದ ವೈದ್ಯಕ್ಕೆ ಇದನ್ನು ಕೊಟ್ಟದ್ದು ಕಲ್ಕತ್ತ. ಅಲ್ಲಿನ ಮೆಡಿಕಲ್ ಕಾಲೇಜಿನ ಐರಿಷ್ ವೈದ್ಯ ವಿಲಿಯಂ ಓಶಾನಸಿ 1839ರಲ್ಲಿ ತನ್ನ ಪ್ರಯೋಗಗಳ ಕುರಿತ ಪ್ರಬಂಧ ಓದಿದ. ಧನುರ್ವಾಯುವಿನ ಸೆಳೆತ ಇಳಿದಿತ್ತು, ಹಸುಗೂಸೊಂದರ ಫಿಟ್ಸ್ ನಿಂತಿತ್ತು. ಹುಚ್ಚುನಾಯಿ ಕಡಿದ ರೋಗಿಯನ್ನು ಉಳಿಸಲಾಗಲಿಲ್ಲ, ಆದರೆ ನೀರು ಕಂಡರೆ ನಡುಗುತ್ತಿದ್ದವನು ಗುಟುಕು ನುಂಗುವಂತಾಯಿತು. ಗುಣಪಡಿಸಿದೆ ಎಂದು ಓಶಾನಸಿ ಹೇಳಿಕೊಳ್ಳಲಿಲ್ಲ, ಸಾವಿನ ಹಿಂಸೆ ಕಡಿಮೆಯಾಯಿತು ಎಂದ. ಆ ಪ್ರಾಮಾಣಿಕತೆಗಾಗಿ ಅವನ ಮೇಲೆ ನನಗೆ ಗೌರವ. ಅವನ ಟಿಂಚರ್ ಲಂಡನ್ನಿಗೆ, ಅಮೆರಿಕಕ್ಕೆ ಹೋಯಿತು. ಆದರೆ ಒಂದು ಸೀಸೆ ಇದ್ದಂತೆ ಇನ್ನೊಂದು ಇರುತ್ತಿರಲಿಲ್ಲ. ಕಾನೂನಿನ ಬಿಗಿಯೂ ಸೇರಿ 1942ರಲ್ಲಿ ಅದು ಅಮೆರಿಕದ ಅಧಿಕೃತ ಔಷಧಕೋಶದಿಂದ ಹೊರಬಿತ್ತು.

ಮರಳಿ ಬಂದದ್ದು ಅಳತೆಯೊಂದಿಗೆ. 1985ರಲ್ಲಿ ಕಿಮೊಥೆರಪಿಯ ವಾಂತಿಗೆ ಅಮೆರಿಕ ಒಪ್ಪಿದ ಡ್ರೊನಾಬಿನಾಲ್ ಪ್ರಯೋಗಾಲಯದಲ್ಲಿ ತಯಾರಿಸಿದ ಟಿಎಚ್‌ಸಿ, ಎಳ್ಳೆಣ್ಣೆಯಲ್ಲಿ ಕಲಸಿ ಗುಳಿಗೆ ಮಾಡಿದ್ದು. ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗಿಗಳ ಸ್ನಾಯು ಬಿಗಿತಕ್ಕೆ ಬ್ರಿಟನ್ 2010ರಲ್ಲಿ ಒಪ್ಪಿದ ಸ್ಯಾಟಿವೆಕ್ಸ್ ಬಾಯಿಗೆ ಸಿಂಪಡಿಸುವ ದ್ರವ. ಹೆಸರಿನಲ್ಲೇ ಸಟೈವಾ ಇದ್ದರೂ ವೈದ್ಯರು ನೋಡುವುದು ಪ್ರತಿ ಸಿಂಪಡಣೆಯ 2.7 ಮಿಲಿಗ್ರಾಂ ಟಿಎಚ್‌ಸಿ, 2.5 ಮಿಲಿಗ್ರಾಂ ಸಿಬಿಡಿಯನ್ನು. ಮಕ್ಕಳ ಅಪಸ್ಮಾರದ ಕಥೆ ಇನ್ನೂ ಗಟ್ಟಿಯಾದದ್ದು. ಡ್ರಾವೆಟ್ ಎಂಬ ವಂಶವಾಹಿ ಕಾಯಿಲೆಯಲ್ಲಿ ಯಾವ ಔಷಧಕ್ಕೂ ಬಗ್ಗದ ಫಿಟ್ಸ್ ಬರುತ್ತದೆ. 2017ರಲ್ಲಿ ಪ್ರಕಟವಾದ, 120 ಮಕ್ಕಳು ಮತ್ತು ತರುಣರನ್ನೊಳಗೊಂಡ ಪ್ರಯೋಗದಲ್ಲಿ ಶುದ್ಧ ಸಿಬಿಡಿ ಪಡೆದವರ ತಿಂಗಳ ಫಿಟ್ಸ್ ಸರಿಸುಮಾರು 12ರಿಂದ 6ಕ್ಕೆ ಇಳಿಯಿತು, ಸುಳ್ಳು ಔಷಧ ಪಡೆದವರಲ್ಲಿ ಹೆಚ್ಚು ಬದಲಾಗಲಿಲ್ಲ. ಮುಂದಿನ ವರ್ಷವೇ ಎಪಿಡಿಯೊಲೆಕ್ಸ್ ಎಂಬ ಹೆಸರಿನಲ್ಲಿ ಅದಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಆ ಮಕ್ಕಳಿಗೆ ಕೊಟ್ಟದ್ದು ದಿನಕ್ಕೆ ಕಿಲೋ ತೂಕಕ್ಕೆ 20 ಮಿಲಿಗ್ರಾಂ. ಅಂದರೆ 20 ಕಿಲೋ ತೂಗುವ ಮಗುವಿಗೆ ದಿನಕ್ಕೆ 400. ಜೊತೆಗೆ ಯಕೃತ್ತಿನ ಪರೀಕ್ಷೆ ಮಾಡಿಸುತ್ತಲೇ ಇರಬೇಕು, ಬೇರೆ ಫಿಟ್ಸ್ ಮಾತ್ರೆಗಳೊಂದಿಗೆ ಅದು ಹೆಣೆದುಕೊಳ್ಳುತ್ತದೆ. ಆನ್‌ಲೈನ್‌ನಲ್ಲಿ ತರಿಸಿದ ಎಣ್ಣೆಯ ನಾಲ್ಕು ಹನಿಯನ್ನು ಇದರ ಜೊತೆ ಹೋಲಿಸಲಾಗದು. ಅಮೆರಿಕದಲ್ಲಿ ಹಾಗೆ ತರಿಸಿದ 84 ಸಿಬಿಡಿ ಉತ್ಪನ್ನಗಳನ್ನು ಪರೀಕ್ಷಿಸಿದಾಗ ಚೀಟಿಯಲ್ಲಿ ಹೇಳಿದಷ್ಟು ಸಿಬಿಡಿ ಇದ್ದದ್ದು 26ರಲ್ಲಿ ಮಾತ್ರ, 18ರಲ್ಲಿ ಹೇಳದೇ ಇದ್ದ ಟಿಎಚ್‌ಸಿ ಸಿಕ್ಕಿತು.

ದೀರ್ಘಕಾಲದ ನೋವಿನ ಬಗ್ಗೆ ತಜ್ಞರಲ್ಲೇ ಒಮ್ಮತವಿಲ್ಲ. ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳು 2017ರಲ್ಲಿ ಪುರಾವೆ ಸಾಕಷ್ಟಿದೆ ಎಂದವು. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2021ರಲ್ಲಿ ಶಿಫಾರಸು ಮಾಡುವಷ್ಟಿಲ್ಲ ಎಂದಿತು. ಗ್ಲಾಕೋಮಾದಲ್ಲಿ ಕಣ್ಣಿನ ಒತ್ತಡ ಇಳಿಯುವುದು ನಿಜ, ಆದರೆ ಮೂರು ನಾಲ್ಕು ಗಂಟೆ ಮಾತ್ರ. ಹೊತ್ತು ಹೊತ್ತಿಗೂ ಅಮಲಿನಲ್ಲಿರುವುದಕ್ಕಿಂತ ಕಣ್ಣಿನ ಹನಿ ವಾಸಿ.

ಹಾನಿಯನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಬ್ರಿಟಿಷರ ಗಾಂಜಾ ಆಯೋಗ 1894ರಲ್ಲಿ ಹದವಾದ ಬಳಕೆಯಿಂದ ಹೆಚ್ಚು ಕೇಡಿಲ್ಲ, ಅತಿಯಾದರೆ ಕೇಡು ಎಂದಿತ್ತು. ಆದರೆ ಅವರು ಕಂಡ ಭಂಗಿಗೂ ಇವತ್ತು ಟಿಎಚ್‌ಸಿ ತುಂಬಿಸಿ ತೆಗೆದ ತಳಿಗಳಿಗೂ ಹೋಲಿಕೆಯಿಲ್ಲ. ಯುರೋಪಿನ ಹಲವು ನಗರಗಳನ್ನು ಮತ್ತು ಬ್ರೆಜಿಲನ್ನು ಸೇರಿಸಿಕೊಂಡ 2019ರ ಅಧ್ಯಯನದಲ್ಲಿ, ತೀಕ್ಷ್ಣ ಗಾಂಜಾವನ್ನು ದಿನವೂ ಬಳಸುವವರಲ್ಲಿ ಮನೋವಿಕಾರದ ಸಾಧ್ಯತೆ ಬಳಸದವರ ಸುಮಾರು ಐದು ಪಟ್ಟಿತ್ತು. ಹದಿಹರೆಯದವರು, ಗರ್ಭಿಣಿಯರು, ಮನೆತನದಲ್ಲಿ ಸ್ಕಿಜೋಫ್ರೇನಿಯಾ ಇರುವವರು ಇದರ ಹತ್ತಿರ ಹೋಗಬಾರದು. ವರ್ಷಗಟ್ಟಲೆ ಸೇದಿದ ಕೆಲವರಿಗೆ ನಿಲ್ಲದ ವಾಂತಿಯ ಕಾಯಿಲೆಯೇ ಬರುತ್ತದೆ. ವಾಕರಿಕೆಗೆ ಮದ್ದೆಂದು ಹೆಸರಾದದ್ದೇ ವಾಕರಿಕೆ ತರುತ್ತದೆ.

ಇಲ್ಲಿನ ಕಾನೂನು ಗಿಡವನ್ನು ಭಾಗ ಮಾಡಿ ನೋಡುತ್ತದೆ. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಚರಸ್ ಮತ್ತು ಹೂವಿನ ತೆನೆ ಅಂದರೆ ಗಾಂಜಾ ನಿಷಿದ್ಧ, ತೆನೆಯಿಲ್ಲದ ಎಲೆ ಮತ್ತು ಬೀಜ ಗಾಂಜಾದ ವ್ಯಾಖ್ಯೆಯಿಂದ ಹೊರಗೆ. 2022ರಲ್ಲಿ ಜಾಮೀನು ಅರ್ಜಿಯೊಂದರಲ್ಲಿ ಕರ್ನಾಟಕ ಹೈಕೋರ್ಟ್ ಭಂಗಿ ಆ ಕಾಯ್ದೆಯ ನಿಷೇಧದಲ್ಲಿ ಬರುವುದಿಲ್ಲ ಎಂದದ್ದು ಇದೇ ಆಧಾರದ ಮೇಲೆ. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಭಕ್ತರು ಅದನ್ನು ಪ್ರಸಾದವೆಂದು ಸ್ವೀಕರಿಸುವುದು ಪತ್ರಿಕೆಗಳಲ್ಲಿ ಬಂದಿದೆ. ಭಕ್ತಿಯ ಬಳಕೆಯನ್ನು ಅಣಕಿಸುವುದು ನನಗೆ ಸೇರದು. ಆದರೆ ಕ್ಯಾನ್ಸರ್ ರೋಗಿಗೆ ಬೇಕಾದದ್ದು ಅಳೆದು ಕೊಟ್ಟ ಔಷಧ. ಅದನ್ನು ಇಲ್ಲೇ ಪರೀಕ್ಷಿಸಿ, ಇಲ್ಲೇ ತಯಾರಿಸಿ ಕೊಡಲು ಕಾಯ್ದೆ ಅಡ್ಡ ಬರುವುದಿಲ್ಲ, ವೈದ್ಯಕೀಯ ಮತ್ತು ಸಂಶೋಧನೆಯ ಬಳಕೆಗೆ ಅದರಲ್ಲೇ ದಾರಿಯಿದೆ. ಗಿಡಕ್ಕೆ ತನ್ನ ಹೆಸರನ್ನೇ ಕೊಟ್ಟ ದೇಶ ಆ ದಾರಿಯಲ್ಲಿ ಇಷ್ಟು ನಿಧಾನವಾಗಿ ನಡೆಯುತ್ತಿರುವುದು ನನಗೆ ನೋವಿನ ಸಂಗತಿ.

ಅಕ್ಕ ಡಾಕ್ಟರನ್ನು ಕಂಡಳು. ವಾಂತಿ ಇಷ್ಟಿದೆ ಎಂದು ಭಾವ ಹೇಳಿಯೇ ಇರಲಿಲ್ಲವಂತೆ, ಡಾಕ್ಟರಿಗೆ ತೊಂದರೆ ಯಾಕೆ ಎಂದು. ಅವರು ಮಾತ್ರೆ ಬದಲಿಸಿ, ರಾತ್ರಿ ಹೊತ್ತಿಗೆ ಓಲಾಂಜಪಿನ್ ಎಂಬ ಇನ್ನೊಂದನ್ನು ಸೇರಿಸಿದರು. ಮೂರನೇ ಸುತ್ತಿನ ನಾಲ್ಕನೇ ದಿನ ಮತ್ತೆ ಫೋನ್ ಬಂತು. ಭಾವ ಎರಡು ಸೌಟು ಗಂಜಿ ಕುಡಿದಿದ್ದರು. “ನಂಚ್ಕೊಳ್ಳೋಕೆ ಕೊತ್ತಂಬರಿ ಚಟ್ನಿ ಇಲ್ವೇನೇ ಅಂದ್ರು ಕಣೋ” ಎಂದಳು ಅಕ್ಕ, ಅಳುತ್ತ.